ಅಡಗಿಸಿ ಒಯ್ಯುವ ಪಿಸ್ತೂಲು ಮತ್ತು ಗುಂಡು: ಯಾವುದನ್ನು ಮೊದಲು ಆರಿಸಬೇಕು, ಯಾವುದನ್ನು ಆಮೇಲೆ

ಅಮೆರಿಕದಲ್ಲಿ ಆತ್ಮರಕ್ಷಣೆಗೆಂದು ಮೊದಲ ಸಲ ಪಿಸ್ತೂಲು ಕೊಳ್ಳುವವರು ಹೆಚ್ಚಾಗಿ ಒಂದೇ ಜಾಗದಲ್ಲಿ ಎಡವುತ್ತಾರೆ. ಅಂಗಡಿಯ ಕಪಾಟಿನಲ್ಲಿ ಎಲ್ಲಕ್ಕಿಂತ ಚಿಕ್ಕದು, ಹಗುರವಾದದ್ದು ಯಾವುದು ಅಂತ ನೋಡಿ ಅದನ್ನೇ ಕೊಳ್ಳುತ್ತಾರೆ. ಅಂಗಿಯ ಒಳಗೆ ಸುಲಭವಾಗಿ ಅಡಗುತ್ತದಲ್ಲ ಎಂಬ ಲೆಕ್ಕ. ಗುಂಡು ಹಾರಿಸಿ ಅಭ್ಯಾಸ ಮಾಡುವ ರೇಂಜಿನಲ್ಲಿ ಒಂದು ಡಬ್ಬಿ ಗುಂಡು ಮುಗಿಯುವಷ್ಟರಲ್ಲಿ ಅಂಗೈ ಉರಿಯುತ್ತದೆ, ಗುಂಡು ಎಲ್ಲೆಲ್ಲೋ ಬೀಳುತ್ತದೆ. ಅಲ್ಲಿಗೆ ಅಭ್ಯಾಸ ನಿಂತಿತು. ಮುಂದೆ ಇನ್ನೊಂದು ಕೊಳ್ಳುತ್ತಾರೆ, ಅದೂ ಅದೇ ಲೆಕ್ಕದಲ್ಲಿ.

ತಪ್ಪು ಇರುವುದು ಪಿಸ್ತೂಲಿನಲ್ಲಲ್ಲ, ಆರಿಸುವ ಅನುಕ್ರಮದಲ್ಲಿ. ಕಾನೂನು, ಮೈಮೇಲೆ ಎಲ್ಲಿ ಒಯ್ಯುವುದು, ಕ್ಯಾಲಿಬರ್ (ಗುಂಡಿನ ದಪ್ಪದ ಅಳತೆ), ಕೈಯ ಅಳತೆ, ಹೋಲ್‌ಸ್ಟರ್ (ಪಿಸ್ತೂಲಿನ ಒರೆ), ಗುಂಡು, ಕೊನೆಗೆ ಇವೆಲ್ಲ ಒಟ್ಟಿಗೆ ಕೆಲಸ ಮಾಡುತ್ತವೆಯೇ ಎಂಬ ಪರೀಕ್ಷೆ. ಹೀಗೆ ಹೋದರೆ ಎರಡನೇ ಪಿಸ್ತೂಲು ಕೊಳ್ಳುವ ಪ್ರಮೇಯ ಬರುವುದು ಕಡಿಮೆ. ನೀವು ಅಡಗಿಸಬಲ್ಲ ಅತಿ ಚಿಕ್ಕ ಪಿಸ್ತೂಲನ್ನು ಹುಡುಕಬೇಡಿ. ಚೆನ್ನಾಗಿ ಹಾರಿಸಬಲ್ಲವುಗಳಲ್ಲಿ ಅಡಗಿಸಲು ಸಾಧ್ಯವಿರುವ ದೊಡ್ಡದನ್ನು ಹುಡುಕಿ.

ಬೇಕಾಗುವ ಸಾಮಾನು: ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಗಟ್ಟಿ ಬೆಲ್ಟು, ಟ್ರಿಗರ್ ಪೂರ್ತಿ ಮುಚ್ಚುವ ಹೋಲ್‌ಸ್ಟರ್, ಕನಿಷ್ಠ ಮೂರು ಮ್ಯಾಗಜೀನ್ (ಗುಂಡು ತುಂಬಿ ಪಿಸ್ತೂಲಿನ ಹಿಡಿಯೊಳಗೆ ಸೇರಿಸುವ ಡಬ್ಬಿ), ಬೀಗವಿರುವ ಪೆಟ್ಟಿಗೆ, ಸ್ವಚ್ಛ ಮಾಡುವ ಕಿಟ್. ಪಿಸ್ತೂಲಿನ ಬೆಲೆ ಒಟ್ಟು ಖರ್ಚಿನ ಒಂದು ಭಾಗ ಮಾತ್ರ. ಎಲ್ಲ ದುಡ್ಡನ್ನೂ ಅದಕ್ಕೇ ಸುರಿದು ಹೋಲ್‌ಸ್ಟರಿಗೂ ತರಬೇತಿಗೂ ಏನೂ ಉಳಿಸಿಕೊಳ್ಳದವರೇ ಜಾಸ್ತಿ.

## ಹಂತ 1: ನಿಮಗೆ ಅವಕಾಶ ಇದೆಯೇ ನೋಡಿ

ಎಚ್-1ಬಿ, ಎಫ್-1ರಂಥ ವಲಸೆಯೇತರ ವೀಸಾದಲ್ಲಿ ಇರುವವರು ಪಿಸ್ತೂಲನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಬೇಟೆಯ ಪರವಾನಗಿ ಇರುವವರಿಗೆ ವಿನಾಯಿತಿಯಂಥ ಕೆಲವು ಅಪವಾದಗಳಿವೆ. ಅದನ್ನು ನಂಬಿಕೊಂಡು ಹೊರಡುವ ಮುನ್ನ ವಕೀಲರನ್ನು ಕೇಳಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ಗೆಳೆಯನ ಜೊತೆ ಸುಮ್ನೆ ರೇಂಜಿಗೆ ಹೋಗಿ ಒಂದೆರಡು ಹಾರಿಸಿದರೆ ಏನಾಯ್ತು ಅಂತ ಅಂದುಕೊಳ್ಳುವವರು ಇದನ್ನು ಎರಡು ಸಲ ಓದಿ. ವೀಸಾ, ಕೆಲಸ ಎರಡಕ್ಕೂ ಕುತ್ತು ಬರುವ ವಿಷಯ ಇದು.

ಇನ್ನುಳಿದದ್ದು ರಾಜ್ಯದ ಕಾನೂನು. ಅಡಗಿಸಿ ಒಯ್ಯಲು ಕೆಲವು ರಾಜ್ಯಗಳಲ್ಲಿ ಪರವಾನಗಿ ಬೇಡ, ಕೆಲವಲ್ಲಿ ತರಬೇತಿ ಮುಗಿಸಿ ಅರ್ಜಿ ಹಾಕಬೇಕು. ನಿಮ್ಮ ರಾಜ್ಯದ ಪರವಾನಗಿ ಪಕ್ಕದ ರಾಜ್ಯದಲ್ಲಿ ನಡೆಯುತ್ತದೆ ಎಂಬ ಖಾತ್ರಿಯಿಲ್ಲ. ಏನು ಕೊಳ್ಳಬಹುದು ಎಂಬುದನ್ನೂ ಕಾನೂನೇ ಹೇಳುತ್ತದೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ಗಳಲ್ಲಿ ಮ್ಯಾಗಜೀನಿಗೆ 10 ಗುಂಡಿನ ಮಿತಿ ಇದೆ. ಮೊನೆಯಲ್ಲಿ ಗುಳಿ ಇರುವ ಹಾಲೋ ಪಾಯಿಂಟ್ ಗುಂಡನ್ನು ಮನೆಯ ಹೊರಗೆ ಒಯ್ಯುವುದಕ್ಕೆ ನ್ಯೂಜೆರ್ಸಿಯಲ್ಲಿ ಕಟ್ಟುನಿಟ್ಟಿನ ನಿರ್ಬಂಧವಿದೆ. ಇದನ್ನೆಲ್ಲ ಮೊದಲೇ ನೋಡಿಕೊಂಡರೆ ಕೊಂಡಮೇಲೆ ಪೇಚಾಡುವುದು ತಪ್ಪುತ್ತದೆ.

## ಹಂತ 2: ಮೈಮೇಲೆ ಎಲ್ಲಿ ಒಯ್ಯುತ್ತೀರಿ ಎಂದು ತೀರ್ಮಾನಿಸಿ

ಪಿಸ್ತೂಲಿನ ಗಾತ್ರ ಇದರಿಂದಲೇ ತೀರ್ಮಾನವಾಗುತ್ತದೆ. ಹೆಚ್ಚಿನವರು ಬಳಸುವುದು ಎರಡು ಜಾಗ. ಒಂದು, ಪ್ಯಾಂಟಿನ ಸೊಂಟಪಟ್ಟಿಯ ಒಳಗೆ, ಬಲ ಸೊಂಟದ ಸ್ವಲ್ಪ ಹಿಂದೆ. ಇನ್ನೊಂದು, ಅದೇ ಸೊಂಟಪಟ್ಟಿಯ ಒಳಗೆ, ಹೊಕ್ಕಳಿನ ಬಲಕ್ಕೆ ಮುಂದುಗಡೆ. ಮುಂದೆ ಇಟ್ಟರೆ ಬೇಗ ಕೈಗೆ ಸಿಗುತ್ತದೆ, ಅಂಗಿ ಎತ್ತಿದರೆ ನಿಮ್ಮ ಕಣ್ಣಿಗೇ ಕಾಣುತ್ತದೆ. ಆದರೆ ನಳಿಗೆ ತೊಡೆಯ ಕಡೆ ಮುಖಮಾಡಿರುತ್ತದೆ, ಹೋಲ್‌ಸ್ಟರಿಗೆ ಹಾಕುವಾಗಿನ ಸಣ್ಣ ತಪ್ಪೂ ದುಬಾರಿ. ಹೊಸಬರು ಸೊಂಟದ ಬದಿಯಲ್ಲಿ ಶುರುಮಾಡುವುದು ವಾಸಿ.

ಜೇಬಿನಲ್ಲಿ ಒಯ್ಯುವುದಾದರೆ ಆ ಜೇಬಿನಲ್ಲಿ ಪಿಸ್ತೂಲು ಮತ್ತು ಜೇಬಿನ ಹೋಲ್‌ಸ್ಟರ್ ಬಿಟ್ಟು ಬೇರೇನೂ ಇರಬಾರದು. ಕೀ, ಪೆನ್ನು, ಚಿಲ್ಲರೆ ಟ್ರಿಗರಿಗೆ ಸಿಕ್ಕಿಕೊಂಡರೆ ಕಥೆ ಮುಗಿಯಿತು. ಕೈಚೀಲದಲ್ಲಿ ಒಯ್ಯುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಕಳ್ಳ ಮೊದಲು ಕಸಿಯುವುದೇ ಚೀಲವನ್ನು. ಮಕ್ಕಳು ಮೊದಲು ತಡಕುವುದೂ ಅದನ್ನೇ.

ಇಲ್ಲೊಂದು ತಪ್ಪು ಕಲ್ಪನೆ ಇದೆ. ಬಟ್ಟೆಯ ಮೇಲೆ ಆಕಾರ ಎದ್ದು ಕಾಣುವುದು ನಳಿಗೆಯಿಂದ ಅಲ್ಲ, ಹಿಡಿಯಿಂದ. ನಳಿಗೆ ಪ್ಯಾಂಟಿನ ಒಳಗೆ ಇಳಿದಿರುತ್ತದೆ. ಹಿಡಿ ಸೊಂಟದ ಮೇಲೆ ಹೊರಚಾಚಿ ಅಂಗಿಯನ್ನು ತಳ್ಳುತ್ತದೆ. ಆದ್ದರಿಂದ ಅಡಗಿಸಬೇಕೆಂದು ನಳಿಗೆಯನ್ನು ಗಿಡ್ಡ ಮಾಡಿಕೊಂಡರೆ ಹೆಚ್ಚು ಲಾಭವಿಲ್ಲ. ಹಿಡಿಯ ಉದ್ದ, ದಪ್ಪ ನೋಡಿ.

## ಹಂತ 3: ಕ್ಯಾಲಿಬರ್

ಇದರ ಬಗ್ಗೆ ವಾದ ಮುಗಿಯುವುದೇ ಇಲ್ಲ. ತೀರ್ಮಾನ ಮಾತ್ರ ಸರಳ. ಹೆಚ್ಚಿನವರಿಗೆ 9 ಎಂಎಂ ಲೂಗರ್ ಸಾಕು. ಗುಂಡು ಎಲ್ಲ ಕಡೆ ಸಿಗುತ್ತದೆ, ಅಭ್ಯಾಸಕ್ಕೆ ಅಗ್ಗ, ಒದೆತ ತಡೆದುಕೊಳ್ಳಬಹುದು, ಮ್ಯಾಗಜೀನಿನಲ್ಲಿ ಹೆಚ್ಚು ಗುಂಡು ಹಿಡಿಸುತ್ತದೆ. 10 ಎಂಎಂ, .40 ಎಂದೆಲ್ಲ ಸುತ್ತಿ ಬಂದ ಎಫ್‌ಬಿಐ ಕೂಡ ಕಳೆದ ದಶಕದಲ್ಲಿ 9 ಎಂಎಂಗೇ ವಾಪಸಾಯಿತು. ಗುಂಡಿನ ತಯಾರಿಕೆ ಸುಧಾರಿಸಿದ ಮೇಲೆ ದೊಡ್ಡ ಕ್ಯಾಲಿಬರಿನಿಂದ ಸಿಗುವ ಹೆಚ್ಚಿನ ಲಾಭ ಕಡಿಮೆಯಾಗಿದೆ. ಬೇಗ ಬೇಗ ಗುರಿಗೆ ಹೊಡೆಯಲು ಆಗುವುದೇ ಮುಖ್ಯ.

.380 ಎಸಿಪಿ ಮೃದು ಎಂದು ಹೇಳುವವರಿದ್ದಾರೆ. ಪಿಸ್ತೂಲು ತೀರಾ ಹಗುರವಾಗಿದ್ದರೆ ಅಥವಾ ಬ್ಲೋಬ್ಯಾಕ್ ಯಂತ್ರದ್ದಾಗಿದ್ದರೆ (ಹಾರುವ ಹೊತ್ತಿಗೆ ನಳಿಗೆಯ ಹಿಂಬದಿಗೆ ಬೀಗ ಬೀಳದ ಸರಳ ವಿನ್ಯಾಸ) .380 ಕೂಡ ಕೈಗೆ ಚುರುಕ್ಕೆನ್ನುವಂತೆ ಒದೆಯುತ್ತದೆ. ಕೈಯಲ್ಲಿ ಬಲ ಕಡಿಮೆ ಇರುವವರಿಗೆ .380ರಲ್ಲೇ ಸ್ಲೈಡ್ (ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದಕ್ಕೆ ಮುಂದಕ್ಕೆ ಜಾರುವ ಭಾಗ) ಸುಲಭವಾಗಿ ಎಳೆಯಲು ಬರುವಂತೆ ಮಾಡಿದ ಮಾದರಿಗಳಿವೆ, ಅವು ಬೇರೆ ಮಾತು. .22ಕ್ಕೆ ಒದೆತ ಬಹಳ ಕಡಿಮೆ. ಆದರೆ ಗುಂಡನ್ನು ಹೊತ್ತಿಸುವ ಮದ್ದು ಅದರ ಕೋಶದ (ಲೋಹದ ಚಿಪ್ಪಿನ) ಅಂಚಿನಲ್ಲಿರುತ್ತದೆ, ಹಾಗಾಗಿ ಟ್ರಿಗರ್ ಎಳೆದಾಗ ಹಾರದೆ ಉಳಿಯುವ ಸಾಧ್ಯತೆ ಹೆಚ್ಚು. ಬೇರೇನೂ ಹಾರಿಸಲಾಗದವರಿಗೆ ಮಾತ್ರ ಅದು.

## ಹಂತ 4: ನಿಮ್ಮ ಕೈಗೆ ಅಳತೆ ನೋಡಿ

ಚಪ್ಪಲಿ ಕೊಳ್ಳುವಾಗ ಪಕ್ಕದವರ ಕಾಲಿನ ಅಳತೆ ಕೇಳುತ್ತೇವೆಯೇ? ಪಿಸ್ತೂಲಿನ ವಿಷಯದಲ್ಲಿ ಮಾತ್ರ ಎಲ್ಲರೂ ಅದನ್ನೇ ಮಾಡುತ್ತಾರೆ.

ಅಂಗಡಿಯವರು ಸ್ಲೈಡ್ ಹಿಂದಕ್ಕೆಳೆದು, ಖಾಲಿ ಎಂದು ತೋರಿಸಿ ಕೊಡುತ್ತಾರೆ. ನೀವೂ ಮತ್ತೊಮ್ಮೆ ನೋಡಿ. ಅವರು ನೋಡಿದ್ದಾರೆ ಎಂದು ಬಿಡಬೇಡಿ. ನಳಿಗೆಯನ್ನು ಜನರಿಲ್ಲದ ಕಡೆ ತಿರುಗಿಸಿ, ಬೆರಳನ್ನು ಟ್ರಿಗರಿನಿಂದ ಹೊರಗಿಟ್ಟು, ಇವನ್ನು ಒಂದೊಂದಾಗಿ ನೋಡಿ.

ಹಿಡಿ: ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಸಂದು ಹಿಡಿಯ ಮೇಲ್ಭಾಗಕ್ಕೆ ಒತ್ತಿ ಕೂರಬೇಕು. ಮುಂಗೈ ಎಲುಬು ನಳಿಗೆಯ ನೇರಕ್ಕೆ ಬರಬೇಕು. ಕಿರುಬೆರಳು ಹಿಡಿಗೆ ಸಿಗದೆ ಗಾಳಿಯಲ್ಲಿ ತೇಲುತ್ತಿದ್ದರೆ ಒದೆತ ತಡೆಯುವುದು ಕಷ್ಟ. ಸ್ವಲ್ಪ ಉದ್ದನೆಯ ಮ್ಯಾಗಜೀನ್ ಹಾಕಿ ನೋಡಿ, ಕೆಲವೊಮ್ಮೆ ಅಷ್ಟರಿಂದಲೇ ಸರಿಹೋಗುತ್ತದೆ.

ಟ್ರಿಗರ್: ತೋರುಬೆರಳಿನ ಮೊದಲ ಗೆಣ್ಣಿನ ಮೆತ್ತನೆ ಭಾಗ ಟ್ರಿಗರಿನ ಮೇಲೆ ಬರಬೇಕು. ತುದಿ ಮಾತ್ರ ತಾಗಿದರೆ ಎಳೆಯುವಾಗ ನಳಿಗೆ ಪಕ್ಕಕ್ಕೆ ವಾಲುತ್ತದೆ. ಕೈ ಚಿಕ್ಕದಾಗಿರುವವರು ಇಲ್ಲೇ ಸೋಲುವುದು. ದಪ್ಪ ಹಿಡಿಯ ಪಿಸ್ತೂಲು ತಗೊಂಡು, ಗುರಿ ತಪ್ಪಿದಾಗ ತಮ್ಮನ್ನೇ ಬೈದುಕೊಳ್ಳುತ್ತಾರೆ.

ಸ್ಲೈಡ್: ಪೂರ್ತಿ ಹಿಂದಕ್ಕೆ ಎಳೆಯಲು ಆಗುತ್ತದೆಯೇ? ಆಗದಿದ್ದರೆ ಕೂಡಲೇ ಬೇಡ ಎನ್ನಬೇಡಿ. ಎಡಗೈಯಲ್ಲಿ ಸ್ಲೈಡನ್ನು ಹಿಡಿದು, ಬಲಗೈಯಲ್ಲಿ ಹಿಡಿಯನ್ನು ಮುಂದಕ್ಕೆ ತಳ್ಳಿ ನೋಡಿ. ಹೆಚ್ಚಿನವರಿಗೆ ಕಡಿಮೆಯಿರುವುದು ಬಲವಲ್ಲ, ಕ್ರಮ. ಹಾಗೆ ಮಾಡಿದರೂ ಆಗದಿದ್ದರೆ ಆ ಪಿಸ್ತೂಲು ನಿಮ್ಮದಲ್ಲ.

ಗುಂಡಿಗಳು: ಮ್ಯಾಗಜೀನ್ ಬಿಡಿಸುವ ಗುಂಡಿ ಹೆಬ್ಬೆರಳಿಗೆ ಸಿಗಬೇಕು, ಆದರೆ ಬಿಗಿಯಾಗಿ ಹಿಡಿದಾಗ ತಾನಾಗಿ ಒತ್ತಿಕೊಳ್ಳಬಾರದು. ಸೇಫ್ಟಿ (ಗುಂಡು ಹಾರದಂತೆ ತಡೆಯುವ ಗುಂಡಿ) ಇರುವ ಮಾದರಿ ಬೇಕೋ ಬೇಡವೋ ಎಂಬುದು ನಿಮಗೆ ಬಿಟ್ಟದ್ದು. ತಗೊಂಡರೆ ಪ್ರತಿ ಸಲ ಹೊರತೆಗೆಯುವ ಅಭ್ಯಾಸದಲ್ಲೂ ಅದನ್ನು ಇಳಿಸಲೇಬೇಕು.

ಗಾತ್ರದ ಅಂದಾಜಿಗೆ ಮೂರು ಮಾದರಿ ಹೇಳುತ್ತೇನೆ. ಸಿಗ್ ಸಾಯರ್ ಪಿ365ರ ನಳಿಗೆ 3.1 ಇಂಚು, ಚಿಕ್ಕ ಮ್ಯಾಗಜೀನಿನಲ್ಲಿ 10 ಗುಂಡು, ತೂಕ ಸುಮಾರು ಅರ್ಧ ಕಿಲೊ. ಗ್ಲಾಕ್ 19ರ ನಳಿಗೆ 4 ಇಂಚು, 15 ಗುಂಡು. ಅಡಗಿಸಲು ಸ್ವಲ್ಪ ಕಷ್ಟ, ಹಾರಿಸಲು ಬಹಳ ಸುಲಭ. ಸ್ಮಿತ್ ಆಂಡ್ ವೆಸನ್ 642 ಎಂಬ ಗಿಡ್ಡ ರಿವಾಲ್ವರ್ .38 ಸ್ಪೆಷಲ್‌ನದು. ಐದೇ ಗುಂಡು, ತೂಕ ಅರ್ಧ ಕಿಲೊಗಿಂತ ಕಡಿಮೆ.

ಹೊಸಬರಿಗೆ ರಿವಾಲ್ವರ್ ಸುಲಭ ಎಂಬ ಸಲಹೆ ಇನ್ನೂ ಓಡಾಡುತ್ತಿದೆ. ಅರ್ಧ ನಿಜ. ಸ್ಲೈಡ್ ಎಳೆಯುವ ಕೆಲಸ ಇಲ್ಲ, ಸಿಕ್ಕಿಕೊಳ್ಳುವುದೂ ಕಡಿಮೆ. ಆದರೆ ಗಿಡ್ಡ ರಿವಾಲ್ವರಿನ ಟ್ರಿಗರ್ ಉದ್ದ, ಬಿಗಿ. ಸಾಮಾನ್ಯ ಪಿಸ್ತೂಲಿನ ಟ್ರಿಗರಿಗೆ ಸುಮಾರು ಎರಡೂವರೆ ಕಿಲೊ ಎಳೆತ ಸಾಕಾದರೆ, ಇದಕ್ಕೆ ಅದರ ಎರಡರಷ್ಟು ಬೇಕಾಗಬಹುದು. ಸೈಟ್, ಅಂದರೆ ಗುರಿ ನೋಡುವ ಮೊನೆ, ಪುಟ್ಟದು. ಒದೆತ ಜೋರು. ಅದು ಪಳಗಿದ ಕೈಯ ಸಾಧನ.

## ಹಂತ 5: ಕೊಳ್ಳುವ ಮೊದಲು ಬಾಡಿಗೆಗೆ ಪಡೆದು ಹಾರಿಸಿ

ಬಾಡಿಗೆ ಪಿಸ್ತೂಲು ಇಟ್ಟಿರುವ ರೇಂಜುಗಳು ಸಾಕಷ್ಟಿವೆ. ಕೈಗೆ ಹೊಂದಿದ ಎರಡು ಮೂರು ಮಾದರಿಗಳನ್ನು ಒಂದೇ ದಿನ, ಒಂದೇ ಬಗೆಯ ಗುಂಡಿನಲ್ಲಿ ಹಾರಿಸಿ. 7 ಗಜ ದೂರದಲ್ಲಿ ಅಂಗೈ ಅಗಲದ ಗುರಿ ಇಡಿ. ನಿಧಾನವಾಗಿ ಐದು, ಸ್ವಲ್ಪ ಬೇಗ ಐದು, ಕೊನೆಗೆ ಒಂದೇ ಕೈಯಲ್ಲಿ ಐದು. ಮೊದಲ ಐದರಲ್ಲಿ ಎಲ್ಲ ಪಿಸ್ತೂಲೂ ಚೆನ್ನಾಗಿಯೇ ಕಾಣುತ್ತವೆ. ವ್ಯತ್ಯಾಸ ಗೊತ್ತಾಗುವುದು ಎರಡನೆಯ ಐದರಲ್ಲಿ.

ಎಚ್ಚರಿಕೆಯ ಗುರುತುಗಳು: 30 ಗುಂಡಿನೊಳಗೆ ಹಿಡಿಯನ್ನು ಮತ್ತೆ ಮತ್ತೆ ಸರಿಮಾಡಿಕೊಳ್ಳಬೇಕಾಗುವುದು, ಟ್ರಿಗರ್ ಎಳೆಯುವ ಮೊದಲೇ ಕಣ್ಣು ಮುಚ್ಚಿಕೊಳ್ಳುವುದು, ಗುಂಡುಗಳೆಲ್ಲ ಗುರಿಯ ಕೆಳಗೆ ಎಡಕ್ಕೆ ಬೀಳುವುದು (ಬಲಗೈಯವರಿಗೆ). ಮೂರನೆಯದು ಸಾಮಾನ್ಯವಾಗಿ ಒದೆತದ ಭಯಕ್ಕೆ ಕೈ ಮುಂಚೆಯೇ ತಗ್ಗುವುದರಿಂದ ಆಗುವುದು. ಅಭ್ಯಾಸದಿಂದ ಹೋಗುತ್ತದೆ. ಆದರೆ ಒಂದು ಪಿಸ್ತೂಲಿನಲ್ಲಿ ಮಾತ್ರ ಆಗಿ ಇನ್ನೊಂದರಲ್ಲಿ ಆಗದಿದ್ದರೆ ಉತ್ತರ ಸಿಕ್ಕಿತು ಅಲ್ವಾ?

## ಹಂತ 6: ಹೋಲ್‌ಸ್ಟರ್ ಮತ್ತು ಬೆಲ್ಟು

ಪಿಸ್ತೂಲಿಗೆ ದುಡ್ಡು ಕೊಡುವ ಮೊದಲೇ ಆ ಮಾದರಿಗೆ ಒಳ್ಳೆಯ ಹೋಲ್‌ಸ್ಟರ್ ಸಿಗುತ್ತದೆಯೇ ನೋಡಿ. ಅಪರೂಪದ ಪಿಸ್ತೂಲಿಗೆ ಎಲ್ಲಕ್ಕೂ ಹೊಂದುವ ಬಟ್ಟೆಯ ಚೀಲವೇ ಗತಿ. ಅದು ಬೇಡ.

ಹೋಲ್‌ಸ್ಟರ್ ಅದೇ ಮಾದರಿಗೆಂದು ಅಚ್ಚು ಹಾಕಿದ್ದಾಗಿರಬೇಕು. ಟ್ರಿಗರ್ ಭಾಗವನ್ನು ಗಟ್ಟಿಯಾಗಿ, ಪೂರ್ತಿಯಾಗಿ ಮುಚ್ಚಬೇಕು. ಪಿಸ್ತೂಲು ಹೊರತೆಗೆದಾಗ ಅದರ ಬಾಯಿ ತೆರೆದೇ ಇರಬೇಕು. ಹಳೆಯ ಚರ್ಮದ ಹೋಲ್‌ಸ್ಟರ್ ಮೆತ್ತಗಾಗಿ ಒಳಗೆ ಮಡಚಿಕೊಂಡರೆ ಆ ಮಡಿಕೆಯೇ ಟ್ರಿಗರನ್ನು ಒತ್ತಬಹುದು. ಅಂಗಿಯ ಅಂಚು, ಜಾಕೆಟಿನ ದಾರ ಸಿಕ್ಕಿಕೊಂಡು ಗುಂಡು ಹಾರುವುದೂ ಹೀಗೆಯೇ. ಹೊರತೆಗೆಯುವಾಗ ಅವಸರ ಇರಬಹುದು. ಒಳಗಿಡುವಾಗ ಯಾವ ಅವಸರವೂ ಇಲ್ಲ. ಅಂಗಿ ಸರಿಸಿ, ನೋಡಿ, ನಿಧಾನವಾಗಿ ಇಡಿ.

ಸಾಮಾನ್ಯ ಬೆಲ್ಟು ತೂಕಕ್ಕೆ ಜೋಲುತ್ತದೆ, ಹಿಡಿ ಹೊರಕ್ಕೆ ವಾಲುತ್ತದೆ. ಆಗ ಜನ ಇನ್ನೂ ಚಿಕ್ಕ ಪಿಸ್ತೂಲು ಹುಡುಕುತ್ತಾರೆ. ಬೆಲ್ಟು ಬದಲಾಯಿಸಿದ್ದರೆ ಸಾಕಿತ್ತು.

## ಹಂತ 7: ಗುಂಡು ಆರಿಸುವುದು

ಎರಡು ಬಗೆಯ ಗುಂಡು ಬೇಕು. ಅಭ್ಯಾಸಕ್ಕೆ ತಾಮ್ರದ ಹೊದಿಕೆಯ ದುಂಡು ಮೊನೆಯದು, ಅಂದರೆ ಎಫ್‌ಎಂಜೆ. ಒಯ್ಯುವುದಕ್ಕೆ ಹಾಲೋ ಪಾಯಿಂಟ್. ಎಫ್‌ಎಂಜೆ ಅಗ್ಗ ಅಂತ ಅದನ್ನೇ ಒಯ್ಯುವವರಿದ್ದಾರೆ. ಅದು ಮೈಯನ್ನು ತೂರಿಕೊಂಡು ಆಚೆ ಹೋಗಿ, ಹಿಂದೆ ನಿಂತ ಯಾರಿಗೋ ತಗಲುವ ಅಪಾಯ ಹೆಚ್ಚು. ಹಾಲೋ ಪಾಯಿಂಟ್ ಒಳಗೆ ಅರಳಿ, ವೇಗ ಕಳೆದುಕೊಂಡು ನಿಲ್ಲುವಂತೆ ಮಾಡಿದ್ದು. ನಿಲ್ಲುತ್ತದೆ ಎಂಬ ಖಾತ್ರಿ ಯಾವ ಗುಂಡಿಗೂ ಇಲ್ಲ, ಗುರಿಯ ಹಿಂದೆ ಏನಿದೆ ಎಂದು ನೋಡುವ ಜವಾಬ್ದಾರಿ ನಿಮ್ಮದೇ.

ಒಳ್ಳೆಯ ಗುಂಡು ಎಷ್ಟು ಆಳ ಹೋಗಬೇಕು? ಎಫ್‌ಬಿಐ ಪರೀಕ್ಷೆಯ ಅಳತೆಯನ್ನೇ ಎಲ್ಲರೂ ಬಳಸುತ್ತಾರೆ. 1986ರ ಮಯಾಮಿ ಗುಂಡಿನ ಕಾಳಗದಲ್ಲಿ ಒಂದು ಗುಂಡು ಸಾಕಷ್ಟು ಆಳಕ್ಕೆ ಇಳಿಯದೆ ನಿಂತಿದ್ದು ಆ ಪರೀಕ್ಷೆ ಹುಟ್ಟಲು ಕಾರಣ. ಮಾಂಸಕ್ಕೆ ಬದಲಾಗಿ ವಿಶೇಷವಾಗಿ ತಯಾರಿಸಿದ ಜೆಲಟಿನ್ ಗಟ್ಟಿಯಲ್ಲಿ ಗುಂಡು 12ರಿಂದ 18 ಇಂಚು ಇಳಿಯಬೇಕು. ಬರೀ ಜೆಲಟಿನ್ನಿಗೆ ಹೊಡೆದ ಫಲಿತಾಂಶ ನೋಡಿ ಮೋಸಹೋಗಬೇಡಿ. ದಪ್ಪ ಬಟ್ಟೆಯ ಹಿಂದೆ ಇಟ್ಟು ಹೊಡೆದದ್ದನ್ನು ನೋಡಿ. ಬಟ್ಟೆಯ ನೂಲು ಮೊನೆಯ ಗುಳಿಯಲ್ಲಿ ತುಂಬಿಕೊಂಡರೆ ಹಾಲೋ ಪಾಯಿಂಟ್ ಅರಳುವುದೇ ಇಲ್ಲ, ಎಫ್‌ಎಂಜೆಯ ಹಾಗೆಯೇ ತೂರಿಹೋಗುತ್ತದೆ. ಹೊಸ ವಿನ್ಯಾಸಗಳು ಗೆದ್ದಿರುವುದು ಇಲ್ಲೇ. ಫೆಡರಲ್ ಎಚ್‌ಎಸ್‌ಟಿ, ಸ್ಪೀರ್ ಗೋಲ್ಡ್ ಡಾಟ್ ಬಹಳ ಕಾಲದಿಂದ ಪೊಲೀಸರು ಬಳಸುತ್ತಿರುವ ಹೆಸರುಗಳು. ಹಾರ್ನಡಿ ಕ್ರಿಟಿಕಲ್ ಡಿಫೆನ್ಸ್‌ನಲ್ಲಿ ಗುಳಿಗೆ ಮೆತ್ತನೆಯ ಬಿರಡೆ ಹಾಕಿರುತ್ತಾರೆ, ನೂಲು ತುಂಬದಿರಲಿ ಅಂತ.

ಗಿಡ್ಡ ನಳಿಗೆಗೆ ಗಮನ ಬೇಕು. ನಳಿಗೆ ಗಿಡ್ಡವಾದಷ್ಟೂ ವೇಗ ಇಳಿಯುತ್ತದೆ. ವೇಗ ಇಳಿದರೆ ಕೆಲವು ಗುಂಡು ಅರಳುವುದಿಲ್ಲ. ಡಬ್ಬಿಯ ಮೇಲಿನ ವೇಗ ಹೆಚ್ಚಾಗಿ 4 ಇಂಚಿನ ನಳಿಗೆಯಲ್ಲಿ ಅಳೆದದ್ದು. ನಿಮ್ಮದು 3 ಇಂಚಿನದಾದರೆ ಅಂಥ ನಳಿಗೆಯಲ್ಲೇ ಪರೀಕ್ಷಿಸಿದ ಗುಂಡು ಹುಡುಕಿ. 9 ಎಂಎಂನಲ್ಲಿ 115, 124, 147 ಗ್ರೇನ್ ತೂಕಗಳು ಸಿಗುತ್ತವೆ. 124 ಗ್ರೇನ್ ಅಂದರೆ ಸುಮಾರು 8 ಗ್ರಾಂ. 124 ಅಥವಾ 147ರಿಂದ ಶುರುಮಾಡಿ, ನಿಮ್ಮ ಪಿಸ್ತೂಲು ಯಾವುದನ್ನು ತಕರಾರಿಲ್ಲದೆ ತಿನ್ನುತ್ತದೋ ಅದನ್ನು ಇಟ್ಟುಕೊಳ್ಳಿ.

ಪ್ಲಸ್ ಪಿ ಎಂದು ಬರೆದಿರುವುದು ಹೆಚ್ಚು ಒತ್ತಡದ ಗುಂಡು. ಪಿಸ್ತೂಲಿನ ಕೈಪಿಡಿ ಅದಕ್ಕೆ ಒಪ್ಪದಿದ್ದರೆ ಹಾಕಲೇಬೇಡಿ. ಒಪ್ಪಿದರೂ ಪುಟ್ಟ ಪಿಸ್ತೂಲಿನಲ್ಲಿ ಅದರ ಒದೆತಕ್ಕೆ ಎರಡನೇ ಗುಂಡು ತಡವಾಗುತ್ತದೆ. ಗಿಡ್ಡ .38 ರಿವಾಲ್ವರ್ ಇದ್ದವರು 148 ಗ್ರೇನ್‌ನ ಚಪ್ಪಟೆ ಮೊನೆಯ ವಾಡ್‌ಕಟರ್ ಗುಂಡನ್ನೂ ನೋಡಬಹುದು. ಅರಳುವುದಿಲ್ಲ, ಆದರೆ ಸಾಕಷ್ಟು ಆಳ ಇಳಿಯುತ್ತದೆ, ಒದೆತ ಕಡಿಮೆ.

.380ರಲ್ಲಿ ಹಾಲೋ ಪಾಯಿಂಟ್ ಚೆನ್ನಾಗಿ ಅರಳಿದರೆ ಆಳ ಸಾಲದು, ಆಳ ಸಿಕ್ಕರೆ ಅರಳಿರುವುದಿಲ್ಲ. ಈ ಇಕ್ಕಟ್ಟು ಗೊತ್ತಿಟ್ಟುಕೊಂಡೇ ಆ ಕ್ಯಾಲಿಬರ್ ಆರಿಸಿ.

ಮನೆಯಲ್ಲಿ ತುಂಬಿದ ಗುಂಡು, ಮರುತುಂಬಿದ ಅಗ್ಗದ ಗುಂಡು, ಭಯಂಕರ ಹೆಸರಿಟ್ಟು ಮಾರುವ ಚಿತ್ರವಿಚಿತ್ರ ಗುಂಡು ಒಯ್ಯುವುದಕ್ಕೆ ಬೇಡ. ಕಾರ್ಖಾನೆಯ ಗುಣಮಟ್ಟ ಇರುವುದಿಲ್ಲ ಎನ್ನುವುದು ಒಂದು. ನ್ಯಾಯಾಲಯದಲ್ಲಿ ಅನಗತ್ಯ ಪ್ರಶ್ನೆ ಏಳಬಹುದು ಎನ್ನುವುದು ಇನ್ನೊಂದು.

## ಹಂತ 8: ಪಿಸ್ತೂಲು, ಮ್ಯಾಗಜೀನ್, ಗುಂಡು ಒಟ್ಟಿಗೆ ಪರೀಕ್ಷಿಸಿ

ಎಲ್ಲರೂ ಬಿಟ್ಟುಬಿಡುವ ಹಂತ ಇದೇ. ಒಯ್ಯುವ ಗುಂಡು ದುಬಾರಿ ಎಂದು ಡಬ್ಬಿಯಿಂದ ನೇರ ಮ್ಯಾಗಜೀನಿಗೆ ತುಂಬಿ ಸೊಂಟಕ್ಕೆ ಸಿಕ್ಕಿಸುತ್ತಾರೆ. ಗುಳಿ ಮೊನೆಯ ಗುಂಡು ದುಂಡು ಮೊನೆಯದರಂತೆ ಜಾರಿ ಒಳಹೋಗುತ್ತದೆ ಎಂದು ಯಾರು ಹೇಳಿದರು?

ಮೊದಲು ಅಭ್ಯಾಸದ ಗುಂಡು 200 ಹಾರಿಸಿ. ತಕರಾರು ಬರದಿದ್ದರೆ ಒಯ್ಯುವ ಗುಂಡು ಕನಿಷ್ಠ 50 ಹಾರಿಸಿ. ಒಯ್ಯುವ ಪ್ರತಿ ಮ್ಯಾಗಜೀನಿನಿಂದಲೂ ಹಾರಿಸಬೇಕು. ಮ್ಯಾಗಜೀನುಗಳ ತಳಕ್ಕೆ ಬಣ್ಣದಲ್ಲಿ 1, 2, 3 ಎಂದು ಬರೆಯಿರಿ. ಸಿಕ್ಕಿಕೊಂಡರೆ ಕಾರಣ ಹುಡುಕಲು ಇದೇ ಸುಳಿವು. ಯಾವಾಗಲೂ 2ನೇದರಲ್ಲಿ ಮಾತ್ರ ಸಿಕ್ಕಿಕೊಂಡರೆ ದೋಷ ಮ್ಯಾಗಜೀನಿನದು. ಎಲ್ಲದರಲ್ಲೂ, ಒಂದೇ ಬಗೆಯ ಗುಂಡಿನಲ್ಲಿ ಮಾತ್ರ ಆದರೆ ಗುಂಡು ಬದಲಿಸಿ. ನೀವು ಹಾರಿಸಿದಾಗ ಮಾತ್ರ ಸಿಕ್ಕಿ, ಅನುಭವಿ ಹಾರಿಸಿದಾಗ ಸರಿಯಿದ್ದರೆ ನಿಮ್ಮ ಮಣಿಕಟ್ಟು ಸಡಿಲ. ಒದೆತದ ಜೊತೆ ಕೈಯೂ ಹಿಂದೆ ಹೋದರೆ ಸ್ಲೈಡ್ ಪೂರ್ತಿ ಓಡುವುದಿಲ್ಲ. ಎಲ್ಲರ ಕೈಯಲ್ಲೂ, ಎಲ್ಲ ಗುಂಡಿನಲ್ಲೂ ಆದರೆ ಪಿಸ್ತೂಲನ್ನು ತಯಾರಕರಿಗೆ ಕಳಿಸಿ.

ತೂಕ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗಬಹುದು. ಅದನ್ನೂ ಇಲ್ಲೇ ನೋಡಿ. ತೀರಾ ಹಗುರದ ರಿವಾಲ್ವರಿನವರಿಗೆ ಬೇರೊಂದು ಪರೀಕ್ಷೆ ಇದೆ. ನಾಲ್ಕು ಹಾರಿಸಿ, ಐದನೆಯದನ್ನು ಹೊರತೆಗೆದು ನೋಡಿ. ಒದೆತಕ್ಕೆ ಅದರ ಮೊನೆ ಮುಂದಕ್ಕೆ ಸರಿದಿದ್ದರೆ, ಒಂದು ದಿನ ಅದೇ ಸಿಲಿಂಡರನ್ನು ತಿರುಗದಂತೆ ತಡೆಯುತ್ತದೆ. ಬೇರೆ ಗುಂಡು ಹುಡುಕಿ.

ರೇಂಜಿನಲ್ಲಿ ಎರಡು ಸದ್ದು ನೆನಪಿಡಿ. ಢಂ ಅನ್ನುವ ಬದಲು ಪುಸ್ ಎಂದು ಮೆತ್ತಗೆ ಕೇಳಿಸಿದರೆ ಅಲ್ಲೇ ನಿಲ್ಲಿಸಿ. ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು, ಇನ್ನೊಂದು ಹಾರಿಸಿದರೆ ನಳಿಗೆ ಸಿಡಿಯಬಹುದು. ಕ್ಲಿಕ್ ಎಂದು ಏನೂ ಆಗದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಇಟ್ಟು 30 ಸೆಕೆಂಡು ಕಾಯಿರಿ, ತಡವಾಗಿ ಹೊತ್ತಿಕೊಳ್ಳುವುದುಂಟು. ಬೇರೆ ಬೇರೆ ಕ್ಯಾಲಿಬರಿನ ಗುಂಡುಗಳನ್ನು ಒಂದೇ ಮೇಜಿನ ಮೇಲೆ ಹರಡಿಕೊಳ್ಳಬೇಡಿ.

## ಹಂತ 9: ಒಯ್ಯಲು ಶುರುಮಾಡಿದ ಮೇಲೆ

ಮನೆಯಲ್ಲಿ ಗುಂಡಿಲ್ಲದೆ ಟ್ರಿಗರ್ ಎಳೆದು ಅಭ್ಯಾಸ ಮಾಡುವುದು ಒಳ್ಳೆಯದು. ಗುಂಡು ಇನ್ನೊಂದು ಕೋಣೆಯಲ್ಲಿರಲಿ. ಮ್ಯಾಗಜೀನ್ ತೆಗೆದ ಮಾತ್ರಕ್ಕೆ ಪಿಸ್ತೂಲು ಖಾಲಿಯಾಗುವುದಿಲ್ಲ, ನಳಿಗೆಯೊಳಗೆ ಒಂದು ಗುಂಡು ಕೂತಿರಬಹುದು. ಮ್ಯಾಗಜೀನ್ ಮೊದಲು ತೆಗೆಯಬೇಕು, ಆಮೇಲೆ ಸ್ಲೈಡ್ ಎಳೆಯಬೇಕು, ಆಮೇಲೆ ಕಣ್ಣಲ್ಲಿ ನೋಡಿ ಬೆರಳಲ್ಲಿ ಮುಟ್ಟಬೇಕು. ಈ ಅನುಕ್ರಮ ಉಲ್ಟಾ ಮಾಡಿದರೆ, ಸ್ಲೈಡ್ ಎಳೆದಾಗ ಹೋದ ಗುಂಡಿನ ಜಾಗಕ್ಕೆ ಮ್ಯಾಗಜೀನಿನಿಂದ ಇನ್ನೊಂದು ಬಂದು ಕೂರುತ್ತದೆ.

ಮೈಮೇಲೆ ಇಲ್ಲದಾಗ ಪಿಸ್ತೂಲು ಬೀಗದ ಪೆಟ್ಟಿಗೆಯಲ್ಲಿರಲಿ. ಎತ್ತರದ ಕಪಾಟು ಬೀಗವಲ್ಲ. ಮಕ್ಕಳಿಗೆ ಸಿಗದ ಜಾಗ ಎಂದು ನಾವು ಅಂದುಕೊಳ್ಳುವುದೆಲ್ಲ ಅವರಿಗೆ ಗೊತ್ತಿರುತ್ತದೆ. ಮನೆಯಲ್ಲಿ ಯಾರಾದರೂ ತೀರಾ ಕುಗ್ಗಿಹೋದ ಸ್ಥಿತಿಯಲ್ಲಿದ್ದರೆ ಪಿಸ್ತೂಲು ಸದ್ಯಕ್ಕೆ ಮನೆಯಿಂದ ಹೊರಗಿರಲಿ, ನಿಮ್ಮ ರಾಜ್ಯದ ಕಾನೂನು ಒಪ್ಪುವ ಜಾಗದಲ್ಲಿ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬಿಟ್ಟು ಹೋಗಬೇಡಿ, ಕಳುವಾಗುವುದು ಅಲ್ಲಿಂದಲೇ.

ದಿನಾ ರಾತ್ರಿ ಗುಂಡು ಇಳಿಸಿ ಬೆಳಗ್ಗೆ ಅದೇ ಗುಂಡನ್ನು ನಳಿಗೆಗೆ ತುಂಬುವ ಅಭ್ಯಾಸ ಇದ್ದರೆ ನಿಲ್ಲಿಸಿ. ಪ್ರತಿ ಸಲ ಅದರ ಮೊನೆ ಉಕ್ಕಿಗೆ ಬಡಿದು ಕೋಶದ ಒಳಕ್ಕೆ ಸ್ವಲ್ಪ ಸ್ವಲ್ಪ ಜರುಗುತ್ತದೆ. ಒಳಗಿನ ಜಾಗ ಕಡಿಮೆಯಾದರೆ ಹಾರಿಸುವಾಗ ಒತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ಪಿಸ್ತೂಲನ್ನು ಹೋಲ್‌ಸ್ಟರ್ ಸಮೇತ ಪೆಟ್ಟಿಗೆಯಲ್ಲಿಟ್ಟರೆ ಗುಂಡು ಇಳಿಸುವ ಕೆಲಸವೇ ಬರುವುದಿಲ್ಲ. ಇಳಿಸಲೇಬೇಕಾದಾಗ ಆ ಗುಂಡನ್ನು ಡಬ್ಬಿಯ ಹೊಸ ಗುಂಡಿನ ಪಕ್ಕ ನಿಲ್ಲಿಸಿ ನೋಡಿ. ಕುಳ್ಳಗಾಗಿದ್ದರೆ ಅದನ್ನು ಹಾರಿಸಬೇಡಿ. ಬೇರೆ ಇಟ್ಟು, ರೇಂಜಿನಲ್ಲಿ ಕೆಟ್ಟ ಗುಂಡು ಹಾಕಲೆಂದು ಇಟ್ಟಿರುವ ಡಬ್ಬಕ್ಕೆ ಹಾಕಿ. ಹಸಿರು ಕಲೆ ಬಂದದ್ದು, ಎಣ್ಣೆಯಲ್ಲಿ ನೆನೆದದ್ದು ಕೂಡ ಅಲ್ಲಿಗೇ. ಉಳಿದದ್ದನ್ನು ವರ್ಷಕ್ಕೊಮ್ಮೆ ರೇಂಜಿನಲ್ಲಿ ಹಾರಿಸಿ ಖಾಲಿಮಾಡಿ, ಹೊಸ ಡಬ್ಬಿ ಒಡೆಯಿರಿ.